ಮೌಲಾಲಿಯ ಎಲುಬಿನ ಎರಡು ಪಾಲು

ಅಡಕತ್ತರಿಯ ಸದ್ದು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೋದ ತಿಂಗಳು ಹಾನಗಲ್ಲಿನಲ್ಲಿ ಚಿಕ್ಕಮ್ಮನ ಮೊಮ್ಮಗಳ ಮದುವೆ. ಊಟ ಮುಗಿಸಿ ಕೈ ತೊಳೆದು ಬಂದರೆ, ಪಡಸಾಲೆಯಲ್ಲಿ ಕುಳಿತ ಹಿರಿಯರೊಬ್ಬರು ಎಲೆಅಡಿಕೆಯ ಚಂಚಿ ಬಿಚ್ಚಿ, ಅಡಿಕೆಯನ್ನು ಕಟ್ಟೆಂದು ಎರಡು ಹೋಳು ಮಾಡಿ, ಒಂದನ್ನು ಪಕ್ಕದವರ ಕೈಗಿಟ್ಟು ಇನ್ನೊಂದನ್ನು ತಾವು ಬಾಯಿಗೆ ಹಾಕಿಕೊಂಡರು. ಪಾಪ, ಅವರದೇನು ತಪ್ಪು? ನಾನು ದುರುಗುಟ್ಟಿ ನೋಡಿದ್ದನ್ನು ಕಂಡು, “ಯಾಕವಾ, ನಿನಗೂ ಬೇಕೇನು?” ಎಂದು ಕೇಳಿದರು. “ಬ್ಯಾಡ್ರಿ” ಎಂದು ದಡಬಡಿಸಿ ಹೊರಗೆ ಬಂದೆ. ತಂಗಿ ಬೆನ್ನ ಹಿಂದೆಯೇ ಬಂದು, “ಮದವಿ ಮನ್ಯಾಗರ ಮಾರಿ ಸಿಂಡರಿಸಬ್ಯಾಡ” ಎಂದು ಗದರಿದಳು. ಆ ಸದ್ದಿಗೆ ನನಗೆ ನೆನಪಾಗುವುದು ಒಬ್ಬ ಮನುಷ್ಯನ ಎಲುಬು ಎಂದು ಅವಳಿಗೆ ಹೇಗೆ ಹೇಳಲಿ? ಮದುವೆ ಮನೆಯಲ್ಲಿ ಆಡುವ ಮಾತೇ ಅದು?

ನಾನು ಪೆಥಾಲಜಿಸ್ಟ್. ಶಿಗ್ಗಾಂವದಲ್ಲಿ ಕಾಳುಕಡಿ ಅಂಗಡಿಗಳ ಸಾಲಿನ ಹಿಂದೆ ನನ್ನದೊಂದು ಸಣ್ಣ ಲ್ಯಾಬ್ ಇದೆ. ಜನ ನನ್ನನ್ನು ರಕ್ತ, ಮೂತ್ರ ಪರೀಕ್ಷೆ ಮಾಡುವ ಬಾಯಾರು ಎಂದೇ ತಿಳಿದಿದ್ದಾರೆ. ಅದೂ ಮಾಡುತ್ತೇನೆ, ಹೊಟ್ಟೆಪಾಡು. ಆದರೆ ನಾನು ಕಲಿತ ಕೆಲಸ ಬೇರೆ. ಆಪರೇಷನ್ನಿನಲ್ಲಿ ತೆಗೆದ ಗಂಟಿನ ತುಣುಕು ನನ್ನ ಹತ್ತಿರ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥದ್ದು ಎಂದು ಬರೆದು ಕೊಡಬೇಕು. ಆ ಒಂದು ಸಾಲಿನ ಮೇಲೆ ಸರ್ಜನ್ ಕತ್ತಿ ಎತ್ತಬೇಕೋ ಇಳಿಸಬೇಕೋ ಎಂದು ತೀರ್ಮಾನ ಮಾಡುತ್ತಾರೆ.

ನಾನು ಹೇಳುತ್ತಿರುವುದು ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ಮಾತು. ಅಂಥ ಹಟಮಾರಿ ಮಳೆಯನ್ನು ನಾನು ಮತ್ತೆ ಕಂಡಿಲ್ಲ. ಧೋ ಎಂದು ಸುರಿದು ಹೋಗುವ ಮಳೆಯಾದರೆ ಸಹಿಸಬಹುದು. ಇದು ಹಾನಗಲ್ಲ ಕಡೆಯಿಂದ ಬಂದು ಕುಳಿತ ಜಿಟಿಜಿಟಿ ಮಳೆ, ಎದ್ದು ಹೋಗುವ ಮಾತೇ ಇಲ್ಲ. ಅಲ್ಲಿಯ ಭತ್ತಕ್ಕೆ ಸುಗ್ಗಿ, ನಮ್ಮ ಕಡೆಯ ಗೋವಿನಜೋಳಕ್ಕೆ ಕೊಳೆ. ಲ್ಯಾಬಿನ ಒದ್ದೆ ಗೋಡೆಗೆಲ್ಲ ಬೂಸು ಹಿಡಿದಿತ್ತು. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಮೇಣ ಕಾಯುವಷ್ಟರಲ್ಲಿ ದೀಪ ಆರುವುದು, ದೀಪ ಬರುವಷ್ಟರಲ್ಲಿ ಮೇಣ ಗಟ್ಟಿಯಾಗುವುದು. ಗಾಜಿನ ಮೇಲೆ ಮಂಜು ಕೂರುವುದು. ದಿನವೂ ಯಾರ ಮೇಲಾದರೂ ಹರಿಹಾಯ್ದೇ ಮನೆಗೆ ಹೋಗುತ್ತಿದ್ದೆ. ನನ್ನ ಸಹಾಯಕಿ ಗಿರಿಜಾ ಆ ದಿನಗಳಲ್ಲಿ ನನ್ನ ಮುಖ ನೋಡಿಯೇ ಚಹಾ ತರಬೇಕೋ ಬೇಡವೋ ಎಂದು ನಿರ್ಧರಿಸುತ್ತಿದ್ದಳು.

ಅಂಥದ್ದೊಂದು ಮಧ್ಯಾಹ್ನ ಶಹನಾಜ್ ಬಂದಳು. ಬುರ್ಖಾ ಒದ್ದೆಯಾಗಿ ಮೈಗೆ ಅಂಟಿತ್ತು. ಎಕ್ಸ್-ರೇ ಮಾತ್ರ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು, ಒಂದು ಹನಿ ತಾಗದಂತೆ ತಂದಿದ್ದಳು. ಊರು ಸವಣೂರು. ಗಂಡ ಮೌಲಾಲಿಗೆ ಎಲೆತೋಟ. ಏಣಿಯ ಮೇಲೆ ಬಲಗಾಲು ಊರಿ, ಎಡಗಾಲನ್ನು ಗಿಡಕ್ಕೆ ಆನಿಸಿ, ಎರಡೂ ಕೈಯಿಂದ ವೀಳ್ಯದೆಲೆ ಕೊಯ್ಯುವ ಮನುಷ್ಯ. ಬೇಸಿಗೆಯಲ್ಲಿ ಬಲಗಾಲಿನ ಪಾದ ಬಾತುಕೊಂಡಿತ್ತು. ಮುಳ್ಳು ಮುರಿದಿದೆ ಎಂದು ಎಣ್ಣೆ ಹಚ್ಚಿದರು, ಉಳುಕಿದೆ ಎಂದು ಕಟ್ಟು ಹಾಕಿಸಿದರು. ಕೊನೆಗೆ ಎಕ್ಸ್-ರೇ ತೆಗೆಸಿದಾಗ ಹೆಬ್ಬೆರಳಿನ ಹಿಂದಿನ ಎಲುಬಿನಲ್ಲಿ ಒಂದು ತೂತು, ಅದರ ಮೇಲಿನ ಎಲುಬಿನಲ್ಲಿ ಇನ್ನೊಂದು ಸಣ್ಣ ತೂತು ಕಂಡವು. ಹಾನಗಲ್ಲಿನಲ್ಲಿ ಕೈಗುಣ ಇದೆಯೆಂದು ಎಲ್ಲರೂ ಹೋಗುವ ಎಲುಬಿನ ಡಾಕ್ಟರೊಬ್ಬರು ದೊಡ್ಡ ತೂತಿನಿಂದ ಒಂದು ತುಣುಕು ತೆಗೆದು ಪರೀಕ್ಷೆಗೆ ಕೊಟ್ಟಿದ್ದರು.

“ಎರಡ ಕಡೆ ತೋರಿಸೇವ್ರಿ. ಎರಡೂ ಕಡೆ ಬ್ಯಾರೆಬ್ಯಾರೆ ಬರದಾರ” ಎಂದು ಅವಳು ಎರಡು ರಿಪೋರ್ಟನ್ನು ನನ್ನ ಮುಂದಿಟ್ಟಳು.

ಹುಬ್ಬಳ್ಳಿಯ ಲ್ಯಾಬಿನವರು ಆಂಜಿಯೋಸಾರ್ಕೋಮಾ ಇರಬಹುದೆಂದು ಬರೆದಿದ್ದರು. ದಾವಣಗೆರೆಯವರು ಹೆಮ್ಯಾಂಜಿಯೋಮಾ ಎಂದು ಬರೆದಿದ್ದರು. ಎರಡೂ ರಕ್ತನಾಳದ ಜೀವಕೋಶಗಳಿಂದ ಎಲುಬಿನಲ್ಲಿ ಹುಟ್ಟುವ ಗಡ್ಡೆಗಳೇ. ಆದರೆ ಒಂದಕ್ಕೂ ಇನ್ನೊಂದಕ್ಕೂ ಭೂಮಿ ಆಕಾಶದ ಅಂತರ. ಹೆಮ್ಯಾಂಜಿಯೋಮಾ ಎಂದರೆ ಸಾಧು ಗಂಟು, ಇದ್ದರೆ ಇರಲಿ ಎಂದು ಬಿಡಬಹುದು. ಆಂಜಿಯೋಸಾರ್ಕೋಮಾ ಎಂದರೆ ದಯೆದಾಕ್ಷಿಣ್ಯವಿಲ್ಲದ ಕ್ಯಾನ್ಸರು, ಕಾಲು ತೆಗೆದರೂ ಜೀವದ ಭರವಸೆ ಇಲ್ಲ. ಎರಡೂ ಲ್ಯಾಬಿನವರು ಕೊನೆಯಲ್ಲಿ ಒಂದೇ ಮಾತು ಬರೆದಿದ್ದರು: ತುಣುಕು ತೀರ ಸಣ್ಣದು, ಎಕ್ಸ್-ರೇ ಜೊತೆ ಹೊಂದಿಸಿ ನೋಡಬೇಕು. ಆ ಸಾಲನ್ನು ಮನೆಯವರು ಯಾರೂ ಓದಿರಲಿಲ್ಲ. ಯಾರೂ ಎಂದೂ ಓದುವುದಿಲ್ಲ.

ಮೌಲಾಲಿಯ ಅಣ್ಣ ಇಮಾಮಸಾಬ್ ಹುಬ್ಬಳ್ಳಿಯ ಪಕ್ಷ. ಮೊಣಕಾಲಿನ ಕೆಳಗೆ ಕಾಲು ತೆಗೆಸಲು ಅವನು ಆಸ್ಪತ್ರೆಯಲ್ಲಿ ದಿನವನ್ನೂ ಗೊತ್ತು ಮಾಡಿಸಿ ಬಂದಿದ್ದ. ಶಹನಾಜಳ ಅಣ್ಣ ದಾದಾಪೀರ ಹಿರೇಕೆರೂರು ಕಡೆಯ ಮಾಸೂರಿನವನು, ದಾವಣಗೆರೆಯ ಪಕ್ಷ. ಏನೂ ಮಾಡುವುದು ಬೇಡ, ಗಂಟು ತಾನೇ ಕರಗುತ್ತದೆ ಎಂದು ಅವನ ವಾದ. ನಮ್ಮ ಈ ನಾಲ್ಕು ತಾಲ್ಲೂಕುಗಳ ಹಣೆಬರಹವೇ ಇಷ್ಟು. ಸವಣೂರು, ಶಿಗ್ಗಾಂವದವರಿಗೆ ಜಡ್ಡು ಬಂದರೆ ಮುಖ ಹುಬ್ಬಳ್ಳಿಯತ್ತ ತಿರುಗುತ್ತದೆ. ಹಿರೇಕೆರೂರಿನ ಕಡೆಯವರಿಗೆ ದಾವಣಗೆರೆಯೇ ದೊಡ್ಡದು. ಗಂಡಿನ ಕಡೆ ಒಂದು ದಿಕ್ಕು, ಹೆಣ್ಣಿನ ಕಡೆ ಒಂದು ದಿಕ್ಕು ಆದಾಗ ರೋಗಿಯ ಪಾಡು ದೇವರಿಗೇ ಪ್ರೀತಿ.

“ಇಬ್ರೂ ಮಾತ್ ಬಿಟ್ಟಾರ್ರಿ. ಇವ್ರು ಅವ್ರನ್ನ ಜೀವಾ ತೆಗಿಯಾವ್ರು ಅಂತಾರ, ಅವ್ರು ಇವ್ರನ್ನ ಕಾಲ್ ಕಡಿಯಾವ್ರು ಅಂತಾರ. ನಡಬರಕ ಶಿಗ್ಗಾಂವ ಐತೆಲ್ಲಾ ಅಂತ ನಿಮ್ಮ ಕಡೆ ಬಂದೇನ್ರಿ” ಎಂದಳು ಶಹನಾಜ್. ನನ್ನ ವಿದ್ಯೆಯನ್ನು ನೋಡಿ ಬಂದವಳಲ್ಲ, ಬಸ್ಸಿನ ದಾರಿ ನೋಡಿ ಬಂದವಳು. ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. “ಕಾಲ್ ಉಳೀತೈತೋ ಇಲ್ಲೋ, ಅಷ್ಟ ಹೇಳ್ರಿ ಬಾಯಾರ. ಉಳದದ್ದು ನಾ ನೋಡ್ಕೋತೇನಿ” ಎಂದು ಕುರ್ಚಿಯ ತುದಿಯಲ್ಲಿ ಕುಳಿತಳು.

ಕಾಗದ ನೋಡಿ ನಾನೇನು ಹೇಳಲಿ? ಎರಡೂ ಕಡೆಯಿಂದ ಮೇಣದ ಅಚ್ಚು ಮತ್ತು ಗಾಜುಗಳನ್ನು ತರಿಸಿ ಎಂದೆ. ಅದಕ್ಕೂ ಸಂಗ್ರಾಮ. ತಮ್ಮವರ ಗಾಜನ್ನು ಇನ್ನೊಬ್ಬರ ಕೈಗೆ ಕೊಡಲು ಇಬ್ಬರಿಗೂ ಇಷ್ಟವಿಲ್ಲ. ಕೊನೆಗೆ ಶಹನಾಜ್ ಏನು ಹೇಳಿದಳೋ, ಒಂದು ದಿನ ಮಳೆಯಲ್ಲೇ ಇಬ್ಬರೂ ಬಂದರು. ಇಮಾಮಸಾಬ್ ಬಿಳಿಗಡ್ಡದ, ಕಡಿಮೆ ಮಾತಿನ ಮನುಷ್ಯ. ದಾದಾಪೀರ ದುಂಡಗಿನ ಮೈಯವ, ಬಾಯಿಯಲ್ಲಿ ಸದಾ ಎಲೆಅಡಿಕೆ. ಇದ್ದ ಒಂದೇ ಬೆಂಚಿನ ಆ ತುದಿಗೆ ಒಬ್ಬ, ಈ ತುದಿಗೆ ಒಬ್ಬ ಕುಳಿತು, ಇಬ್ಬರೂ ಗೋಡೆಯ ಬೂಸನ್ನೇ ನೋಡತೊಡಗಿದರು.

ನಾನು ಒಳಗೆ ಹೋಗಿ ಮೊದಲು ಹುಬ್ಬಳ್ಳಿಯ ಗಾಜನ್ನು ಇಟ್ಟೆ. ಉಬ್ಬಿದ, ಗುಂಡನೆಯ ಜೀವಕೋಶಗಳು ಸಂತೆಯಂತೆ ಕಿಕ್ಕಿರಿದಿದ್ದವು. ರಕ್ತನಾಳದ ಆಕಾರವೇ ಸರಿಯಾಗಿ ಕಾಣುತ್ತಿರಲಿಲ್ಲ. ನಾನಿದ್ದರೂ ಹುಬ್ಬಳ್ಳಿಯವರು ಬರೆದದ್ದನ್ನೇ ಬರೆಯುತ್ತಿದ್ದೆನೇನೋ. ದಾವಣಗೆರೆಯ ಗಾಜನ್ನು ಇಟ್ಟೆ. ಸಣ್ಣ ಸಣ್ಣ ನಾಳಗಳು, ತೆಳು ಅಂಚು, ಯಾವ ಗಲಾಟೆಯೂ ಇಲ್ಲ. ಅವರು ಬರೆದದ್ದೂ ಸರಿಯೇ. ಒಬ್ಬನೇ ಮನುಷ್ಯ, ಒಂದೇ ಕಾಲು, ಒಂದೇ ತೂತು. ಒಂದು ಗಾಜು ಕ್ಯಾನ್ಸರು ಎನ್ನುತ್ತದೆ, ಇನ್ನೊಂದು ನಿಶ್ಚಿಂತೆಯಿಂದ ಮಲಗು ಎನ್ನುತ್ತದೆ.

ಎಲುಬಿನ ಈ ರಕ್ತನಾಳದ ಗಡ್ಡೆಗಳ ಮೇಲೆ ನನಗೆ ಓದುವಾಗಿನಿಂದಲೂ ಸಿಟ್ಟು. ನಮ್ಮ ಓಣಿಯಲ್ಲಿ ನಾಲ್ವರು ಬಸವರಾಜರಿದ್ದಾರೆ, ಪೋಸ್ಟಿನವನು ದಿನಾ ತಪ್ಪು ಬಾಗಿಲು ಬಡಿಯುತ್ತಾನೆ. ಇವುಗಳ ಕಥೆಯೂ ಅದೇ. ಸಾಧುವಾದ ಹೆಮ್ಯಾಂಜಿಯೋಮಾ ಒಂದು ತುದಿ, ಕ್ರೂರಿಯಾದ ಆಂಜಿಯೋಸಾರ್ಕೋಮಾ ಇನ್ನೊಂದು ತುದಿ. ನಡುವೆ ಇಬ್ಬರು. ಎಪಿಥೀಲಿಯಾಯ್ಡ್ ಹೆಮ್ಯಾಂಜಿಯೋಮಾ ಎಂಬುದು ಕುಳಿತ ಜಾಗದಲ್ಲಿ ಎಲುಬನ್ನು ತಿನ್ನುತ್ತದೆ, ಆದರೆ ಜೀವ ತೆಗೆಯುವುದಿಲ್ಲ. ಎಪಿಥೀಲಿಯಾಯ್ಡ್ ಹೆಮ್ಯಾಂಜಿಯೋಎಂಡೋಥೀಲಿಯೋಮಾ ಎಂಬುದು ಮೆಲ್ಲಗೆ ಹರಡುವ ನಿಜವಾದ ಕ್ಯಾನ್ಸರು. ಇಂಥ ಹೆಸರುಗಳನ್ನು ಇಟ್ಟವರು ರೋಗಿಯ ಮನೆಯವರಿಗೆ ಅವನ್ನು ಒಮ್ಮೆಯಾದರೂ ತಾವೇ ಬಾಯಿಬಿಟ್ಟು ಹೇಳಬೇಕಿತ್ತು. ಹೆಸರಷ್ಟೇ ಅಲ್ಲ, ಮುಖವೂ ಹಾಗೆಯೇ. ಅದೇ ಗುಂಡನೆಯ ಕೋಶಗಳು, ಅದೇ ಪಾದದ ಎಲುಬು. ಅಕ್ಕಪಕ್ಕದ ಎಲುಬಿನಲ್ಲಿ ಒಟ್ಟಿಗೇ ಹುಟ್ಟುವ ಚಾಳಿಯೂ ಇವಕ್ಕೆ ಇದೆ. ಹಾಗಾಗಿ ಎರಡನೆಯ ತೂತನ್ನು ನೋಡಿ ರೋಗ ಹರಡಿದೆ ಎಂದು ಹೇಳಲು ಬರುವುದಿಲ್ಲ, ಹರಡಿಲ್ಲ ಎನ್ನಲೂ ಬರುವುದಿಲ್ಲ.

ಗಾಜು ಅದಲುಬದಲಾಗಿದೆ, ಬೇರೆ ಯಾರದೋ ತುಣುಕು ಬಂದಿದೆ ಎಂದುಕೊಂಡೆ. ಎರಡೂ ಲ್ಯಾಬಿಗೆ ಫೋನ್ ಮಾಡಿದೆ. ಇಬ್ಬರೂ ಬೇಸರದಿಂದಲೇ ಪರಿಶೀಲಿಸಿ, ತಮ್ಮಲ್ಲಿ ಏನೂ ತಪ್ಪಾಗಿಲ್ಲ ಎಂದರು. ಮತ್ತೆ ಬಂದು ನೋಡಿದೆ. ಆಗ ಕಣ್ಣಿಗೆ ಬಿದ್ದದ್ದು ಅಂಚು. ಸರ್ಜನ್ ಕೆರೆದು ತೆಗೆದ ತುಣುಕಿನ ಅಂಚು ಚಿಂದಿಯಾಗಿರುತ್ತದೆ. ಇಲ್ಲಿ ಮೂರು ಬದಿ ಹಾಗೆಯೇ ಇತ್ತು. ನಾಲ್ಕನೆಯ ಬದಿ ಮಾತ್ರ ಗೆರೆ ಎಳೆದಷ್ಟು ನೇರ, ಆ ಗೆರೆಯುದ್ದಕ್ಕೂ ಕೋಶಗಳು ಜಜ್ಜಿಹೋಗಿದ್ದವು. ಎರಡು ಗಾಜಿನಲ್ಲೂ ಅದೇ ನೇರ ಗೆರೆ, ಅದೇ ಜಜ್ಜು.

ಹೊರಗೆ ಬಂದೆ. “ಹಾನಗಲ್ಲ ಡಾಕ್ಟ್ರು ನಿಮ್ಮ ಕೈಯಾಗ ಎಷ್ಟು ತುಕಡಿ ಕೊಟ್ಟಿದ್ರು?” ಎಂದು ಕೇಳಿದೆ.

“ಒಂದ” ಎಂದರು ಇಬ್ಬರೂ ಒಟ್ಟಿಗೆ. ಮಾತು ಬಿಟ್ಟ ಮೇಲೆ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದೇ ಇರಬೇಕು.

“ಒಂದಿದ್ದದ್ದು ಎರಡು ಹೆಂಗಾತು?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಹೊರಗೆ ತಗಡಿನ ಮೇಲೆ ಮಳೆ. ದಾದಾಪೀರ ಜೇಬಿಗೆ ಕೈ ಹಾಕಿ ಚಂಚಿ ತೆಗೆದ. ಚಂಚಿ ಬಿಚ್ಚಿ ಹಿತ್ತಾಳೆ ಹಿಡಿಕೆಯ ಅಡಕತ್ತರಿಯನ್ನು ನನ್ನ ಮೇಜಿನ ಮೇಲೆ ಇಟ್ಟ.

“ತೊಳದ ಮಾಡೇವ್ರಿ” ಎಂದ. “ಹಾನಗಲ್ಲ ಬಸ್‌ಸ್ಟ್ಯಾಂಡ್ ನಳದಾಗ ಚಂದಂಗ ತೊಳದು, ವಸ್ತ್ರಲೆ ಒರಸಿ, ಆಮ್ಯಾಲ ಮಾಡೇವಿ.”

ನಾನು ಅಡಕತ್ತರಿಯನ್ನು ಎತ್ತಿ, ಬಾಯಿ ತೆರೆದು ನೋಡಿದೆ. ನಾನು ನೋಡಿದ್ದನ್ನು ಇಮಾಮಸಾಬ್ ಬೇರೆ ರೀತಿ ತಿಳಿದುಕೊಂಡು, ಸಮಾಧಾನ ಹೇಳುವವನಂತೆ, “ಸರೀ ಪಾಲ ಮಾಡೇವ್ರೀ ಬಾಯಾರ. ಬಾಟ್ಲಿಯಾಗಿನ ಔಷಧದ ನೀರೂ ಸಮಾ ಹಾಕ್ಕೊಂಡೇವಿ. ಮೋಸಾ ಅಂಬೂದು ಇಲ್ಲ. ನಡಬರಕಿಂದು ಮೆತ್ತಗಿತ್ತು, ಅದನ್ನ ನಾ ತೊಗೊಂಡೆ. ಅಂಚಿಂದು ಗಟ್ಟಿ ಇತ್ತು, ಅದು ಇವ್ರಿಗೆ ಬಂತು” ಎಂದ.

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಗಿರಿಜಾ ಒಳಗಿನಿಂದ ಓಡಿ ಬಂದಳು. ಪಕ್ಕದ ಕಾಳಿನ ಅಂಗಡಿಯವರು ಇಣುಕಿದರು. “ಅದೇನು ಹೊಲಾ ಅಂತ ತಿಳದೀರೇನು, ಅಡಿಕಿ ಅಂತ ತಿಳದೀರೇನು? ಮನುಷ್ಯಾರ ಎಲುಬು ಪಾಲ ಮಾಡ್ಕೊಳ್ಳಾಕ ನಿಮಗ ಯಾರು ಹೇಳಿದ್ರು? ಮೆತ್ತಂದು ಒಬ್ರಿಗೆ, ಗಟ್ಟಿ ಒಬ್ರಿಗೆ…” ಎಂದು ಕೂಗುತ್ತಿದ್ದವಳು ಅಲ್ಲಿಗೇ ನಿಂತುಬಿಟ್ಟೆ. “ಏನಂದ್ರಿ? ನಡಬರಕಿಂದು ಯಾರ ಕಡೆ ಬಂತು?”

“ನನ್ನ ಕಡೇರಿ” ಎಂದ ಇಮಾಮಸಾಬ್, ಗಾಬರಿಯಿಂದ.

ಇಬ್ಬರನ್ನೂ ಅಲ್ಲೇ ಬಿಟ್ಟು ಒಳಗೆ ಓಡಿದೆ. ಎರಡೂ ಗಾಜಿನ ಚಿತ್ರ ತೆಗೆದು, ಕಂಪ್ಯೂಟರಿನ ಪರದೆಯ ಮೇಲೆ ಆ ನೇರ ಅಂಚುಗಳು ಒಂದಕ್ಕೊಂದು ತಾಗುವಂತೆ ಕೂಡಿಸಿದೆ. ಒಡೆದ ಬಳೆಯ ಚೂರು ಕೂಡಿದಂತೆ ಕೂಡಿತು. ನಡುವೆ ಗುಂಡನೆಯ ಕೋಶಗಳ ಸಂದಣಿ. ಅಂಚಿಗೆ ಹೋದಂತೆ ಸಂದಣಿ ಕರಗಿ ಸಣ್ಣ ಸಣ್ಣ ಸಭ್ಯ ರಕ್ತನಾಳಗಳು. ಸುತ್ತ ಒಂದು ಸ್ಪಷ್ಟ ಎಲ್ಲೆ. ನಡುವೆ ಗದ್ದಲ, ಅಂಚಿಗೆ ಶಾಂತಿ ಇರುವ ಈ ಜೋಡಣೆ ಎಪಿಥೀಲಿಯಾಯ್ಡ್ ಹೆಮ್ಯಾಂಜಿಯೋಮಾದ ಗುರುತು. ಕ್ರೂರಿಗೆ ಇಂಥ ಶಿಸ್ತು ಇರುವುದಿಲ್ಲ, ಅದು ಅಂಚು ಬಂತೆಂದು ಸುಮ್ಮನಾಗುವುದಿಲ್ಲ. ಹುಬ್ಬಳ್ಳಿಯವರಿಗೆ ಬರೀ ಗದ್ದಲ ಸಿಕ್ಕಿತ್ತು, ದಾವಣಗೆರೆಯವರಿಗೆ ಬರೀ ಶಾಂತಿ. ಇಡೀ ತುಣುಕು ಇಬ್ಬರಲ್ಲಿ ಯಾರಿಗೆ ಸಿಕ್ಕಿದ್ದರೂ ಸರಿಯಾಗಿಯೇ ಹೇಳುತ್ತಿದ್ದರು. ಈ ಪುಣ್ಯಾತ್ಮರು ಮೋಸ ಮಾಡಬಾರದೆಂದು ಎಷ್ಟು ನಿಯತ್ತಿನಿಂದ ಪಾಲು ಮಾಡಿದ್ದರೆಂದರೆ, ಉತ್ತರವನ್ನೇ ಸರಿಯಾಗಿ ನಡುವೆ ಸೀಳಿದ್ದರು.

ಆದರೆ ಅಷ್ಟಕ್ಕೇ ಕುಣಿಯುವಂತಿರಲಿಲ್ಲ. ಆ ನಡುವಿನ ಎರಡು ಗಡ್ಡೆಗಳಲ್ಲಿ ಇದು ಯಾವುದು ಎಂಬುದು ಖಾತ್ರಿಯಾಗಬೇಕು. ಮೆಲ್ಲಗೆ ಹರಡುವ ಕ್ಯಾನ್ಸರನ್ನು ಸಾಧು ಎಂದು ನಾನು ಹೇಳಿ, ಕಾಲು ಉಳಿಸಿ, ಎರಡು ವರ್ಷದ ಮೇಲೆ ಅದು ಮೌಲಾಲಿಯ ಎದೆಯಲ್ಲಿ ಕಾಣಿಸಿಕೊಂಡರೆ? ಇದಕ್ಕೆ ವಿಶೇಷ ಬಣ್ಣದ ಪರೀಕ್ಷೆ ಇದೆ. ಒಂದು ಬಣ್ಣ ಹಿಡಿದರೆ ಸಾಧು, ಇನ್ನೊಂದು ಹಿಡಿದರೆ ಕ್ಯಾನ್ಸರು. ಅದು ನನ್ನ ಲ್ಯಾಬಿನಲ್ಲಿ ಆಗುವುದಿಲ್ಲ, ಬೆಂಗಳೂರಿಗೆ ಕಳಿಸಬೇಕು. ಗಟ್ಟಿ ಪಾಲನ್ನು ದಾವಣಗೆರೆಯವರು ಮೆದುವಾಗಲೆಂದು ಆಮ್ಲದಲ್ಲಿ ನೆನೆಸಿದ್ದರಿಂದ ಅದರಲ್ಲಿ ಈ ಬಣ್ಣ ನಂಬುವಂತಿರಲಿಲ್ಲ. ಇಮಾಮಸಾಬನ ಮೆತ್ತನೆಯ ಪಾಲೊಂದೇ ಆಸರೆ.

ಹೊರಗೆ ಬಂದು, ಕಾಲು ತೆಗೆಯುವುದನ್ನು ಮುಂದೆ ಹಾಕಿ, ಉತ್ತರ ಬರುವವರೆಗೆ ಕಾಯಬೇಕು ಎಂದೆ. ದಾದಾಪೀರನ ಮುಖ ಅರಳಿತು. ಇಮಾಮಸಾಬ್ ಎದ್ದು ನಿಂತ.

“ಬಾಯಾರ, ಅಪ್ಪ ಸಾಯೂಮುಂದ ತಮ್ಮನ್ನ ನನ್ನ ಕೈಯಾಗ ಹಾಕಿ ಹ್ವಾದ. ನನಗೇನ ಅವನ ಕಾಲ ಕಡಿಯೂ ಹೌಸೇನ್ರಿ? ಕುಂಟ ಆದ್ರೂ ಕಣ್ ಮುಂದ ಇರ್ತಾನ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೇನಿ. ನೀವು ತಡಾ ಮಾಡಿ, ಅದು ಮ್ಯಾಲ ಏರಿದ್ರ ಯಾರು ಹೊಣಿ?”

“ನಾನು” ಎಂದೆ. ಬಾಯಿಯಿಂದ ಬಂದುಬಿಟ್ಟಿತು. ಅವನು ನನ್ನನ್ನೇ ಒಂದು ಗಳಿಗೆ ನೋಡಿ, ಕೊಡೆ ಬಿಚ್ಚಿ, ಮಳೆಗೆ ಇಳಿದು ಹೋದ. ಗಿರಿಜಾ ನನ್ನ ಮುಖ ನೋಡಿ, ಕೇಳದೆಯೇ ಚಹಾ ತಂದಳು. ಆಗ ಮಾತ್ರ ನನಗೆ ಇಮಾಮಸಾಬನ ಮೇಲೆ ಸಿಟ್ಟು ಬರಲಿಲ್ಲ.

ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಪಾರ್ಸೆಲ್ ಹುಬ್ಬಳ್ಳಿಯಲ್ಲೇ ಕುಳಿತಿದೆ ಎಂದು ಒಂದು ದಿನ, ಬೆಂಗಳೂರು ಮುಟ್ಟಿದೆ ಆದರೆ ಬಾಗಿಲು ಹಾಕಿತ್ತು ಎಂದು ಇನ್ನೊಂದು ದಿನ. ಫೋನ್ ಮಾಡಿದರೆ ಹಾಡು ಕೇಳಿಸುತ್ತಿದ್ದರು. ಇತ್ತ ದಾದಾಪೀರ ದಿನವೂ ಫೋನ್ ಮಾಡಿ, “ಏನೂ ಇಲ್ಲಂತ ಬಂತೇನ್ರೀ ಮೇಡಂ?” ಎಂದು ಹುಮ್ಮಸ್ಸಿನಿಂದ ಕೇಳುವನು. ಇಮಾಮಸಾಬ್ ಫೋನ್ ಮಾಡುತ್ತಲೇ ಇರಲಿಲ್ಲ, ಅದು ಇನ್ನೂ ಕಷ್ಟ. ಮನೆಯಲ್ಲಿ ಊಟಕ್ಕೆ ಕುಳಿತರೆ ಅನ್ನದ ಅಗುಳು ಗುಂಡನೆಯ ಕೋಶಗಳಂತೆ ಕಾಣುತ್ತಿತ್ತು. ಪುಸ್ತಕ ತೆಗೆದರೆ ಒಬ್ಬರು ಹೌದು ಎನ್ನುವರು, ಇನ್ನೊಬ್ಬರು ಎಚ್ಚರಿಕೆ ಎನ್ನುವರು.

ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಮೌಲಾಲಿ. ಅವನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ನಿಧಾನದ, ಸಂಕೋಚದ ದನಿ.

“ತಸದೀ ಕೊಡಾಕತ್ತೇನಿ, ಮಾಫ್ ಮಾಡ್ರಿ ಬಾಯಾರ. ಒಂದ ಮಾತ ಕೇಳೂದಿತ್ತು. ಮಳಿ ನಿಂತ ಮ್ಯಾಲ ತೋಟದಾಗ ಎಲಿಬಳ್ಳಿ ಇಳಸೂ ಕೆಲಸ ಐತಿ, ಏಣಿ ಹತ್ತಿ ಬಿಚ್ಚಿ, ಕೆಳಗ ಸುತ್ತಿ ಹೂಳಬೇಕು. ಎಲ್ಲಾರ್ದೂ ಒಮ್ಮೆಲೆ ಬರತೈತಿ, ಆಮ್ಯಾಲ ಆಳು ಸಿಗಂಗಿಲ್ಲ. ನನ್ನ ಕಾಲು ಇರತೈತಿ ಅಂದ್ರ ನಾನ ಮಾಡ್ತೇನಿ. ಇಲ್ಲಾಂದ್ರ ಈಗ ಯಾರಿಗರ ಹೇಳಿ ಇಡಬೇಕು. ಅದಕ್ಕ ಕೇಳಿದೆ.”

ಕಾಲು ಇರುತ್ತದೆಯೇ ಎಂದು ಕೇಳುತ್ತಿದ್ದಾನೆ, ನಾಳೆ ಬಸ್ ಇದೆಯೇ ಎಂದು ಕೇಳುವಷ್ಟು ಮೆತ್ತಗೆ. “ಇನ್ನೊಂದಿಷ್ಟು ದಿನಾ ತಡಿಯಪಾ, ಈಗ ಯಾರಿಗೂ ಹೇಳಬ್ಯಾಡ” ಎಂದೆ. “ಆತ್ರಿ, ಹೇಳಂಗಿಲ್ಲ ಬಿಡ್ರಿ” ಎಂದು ಇಟ್ಟುಬಿಟ್ಟ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಉತ್ತರ ಬಂದದ್ದು ಕರೆಂಟಿಲ್ಲದ ಒಂದು ಮುಂಜಾನೆ, ಮೊಬೈಲಿನಲ್ಲಿ. ನಾನು ಬೇಡಿಕೊಂಡ ಬಣ್ಣ ಹಿಡಿದಿತ್ತು, ಹೆದರಿದ್ದ ಬಣ್ಣ ಹಿಡಿದಿರಲಿಲ್ಲ. ಎಪಿಥೀಲಿಯಾಯ್ಡ್ ಹೆಮ್ಯಾಂಜಿಯೋಮಾ. ಎದೆಯ ಸ್ಕ್ಯಾನೂ ಸ್ವಚ್ಛವಾಗಿ ಬಂತು. ಹಾನಗಲ್ಲಿನ ಡಾಕ್ಟರಿಗೆ ಫೋನ್ ಮಾಡಿ, ಕಾಲು ತೆಗೆಯುವುದು ಬೇಡ, ಎರಡೂ ತೂತನ್ನು ಕೆರೆದು ಸ್ವಚ್ಛ ಮಾಡಿ ಮೌಲಾಲಿಯದೇ ಸೊಂಟದ ಎಲುಬಿನ ಪುಡಿ ತುಂಬಿದರೆ ಸಾಕು ಎಂದು ಇಬ್ಬರೂ ಮಾತಾಡಿಕೊಂಡೆವು. ಆಮೇಲೆ ಶಹನಾಜಳಿಗೆ ಫೋನ್ ಮಾಡಿ, “ಕಾಲು ಉಳೀತವಾ” ಎಂದೆ. ಆ ಕಡೆ ಅವಳು ಅಳುತ್ತಲೇ “ಕಾಲ್ ಉಳೀತಂತ್ರಿ!” ಎಂದು ಗಂಡನಿಗೆ ಕೂಗಿ ಹೇಳಿದ್ದು ಮಳೆಯ ಸದ್ದಿನಲ್ಲೂ ಕೇಳಿಸಿತು. ನನಗೂ ಅಳು ಬಂತು, ಬಂದಷ್ಟು ಅತ್ತೆ.

ಇನ್ನು ಜಗಳ ಮುಗಿಯಿತು ಎಂದುಕೊಂಡಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಮರುದಿನ ಬೆಂಚಿನ ಎರಡೂ ತುದಿಗೆ ಮತ್ತೆ ಇಬ್ಬರು. “ನೋಡ್ರಿ, ಕಡೀಕ ಹೆಮ್ಯಾಂಜಿಯೋಮಾನ ಬಂತಿಲ್ಲೋ! ನಮ್ಮ ದಾವಣಗೇರಿಯವ್ರು ಮೊದಲ ಬರದಿದ್ರು” ಎಂದು ದಾದಾಪೀರ ತೊಡೆ ತಟ್ಟಿದ. ಹಿಂದೆ ಇನ್ನೊಂದು ಮಾರುದ್ದದ ಪದ ಇದೆಯಪ್ಪಾ, ಸುಮ್ಮನೆ ಬಿಟ್ಟಿದ್ದರೆ ಅದು ಪಾದವನ್ನೇ ತಿಂದು ಹಾಕುತ್ತಿತ್ತು ಎಂದು ನಾನು ಹೇಳುವಷ್ಟರಲ್ಲಿ ಇಮಾಮಸಾಬ್, “ಹಂಗಾರ ಹುಬ್ಬಳ್ಳಿಯವ್ರು ಬರದದ್ದು ಸುಳ್ಳೇನ್ರಿ?” ಎಂದ. ಸುಳ್ಳಲ್ಲ, ಅದೂ ಸುಳ್ಳಲ್ಲ, ಇದೂ ಸುಳ್ಳಲ್ಲ, ನೀವು ಕೊಟ್ಟ ಪಾಲಿಗೆ ತಕ್ಕ ಉತ್ತರ ಅವರು ಕೊಟ್ಟರು ಎಂದು ಗಂಟಲು ಹರಿಯುವ ಹಾಗೆ ಹೇಳಿದೆ. ಇಬ್ಬರೂ ತಲೆಯಾಡಿಸಿದರು. ಹೊರಗೆ ಹೋಗುತ್ತ ದಾದಾಪೀರ, “ನಡೀರಿ, ನಿಮ್ದೂ ಖರೆ, ನಮ್ದೂ ಖರೆ ಅಂತ ಬಾಯಾರ ಹೇಳಿದ್ರಲ್ಲ” ಎಂದದ್ದು ಕೇಳಿಸಿತು. ತಲೆ ಚಚ್ಚಿಕೊಂಡೆ. ಆದರೆ ಇಬ್ಬರೂ ಒಂದೇ ಕೊಡೆಯ ಕೆಳಗೆ ಹೋದರು.

ಆಪರೇಷನ್ ಆದ ಮೇಲೆ ಕೆರೆದು ತೆಗೆದದ್ದೆಲ್ಲ ನನ್ನ ಹತ್ತಿರವೇ ಬಂತು. ನಾನು ಡಾಕ್ಟರಿಗೆ ಕಟ್ಟಪ್ಪಣೆ ಮಾಡಿದ್ದೆ, ಒಂದೇ ಬಾಟಲಿ, ಮುಚ್ಚಳಕ್ಕೆ ಟೇಪು, ಸಂಬಂಧಿಕರ ಜೇಬು ತಪಾಸಣೆ. ಕೊನೆಯದನ್ನು ಅವರು ತಮಾಷೆ ಎಂದುಕೊಂಡರು, ನಾನು ನಿಜವಾಗಿಯೇ ಹೇಳಿದ್ದೆ. ಇಡೀ ಗಂಟನ್ನು ನೋಡಿದೆ. ನಡುವೆ ಗದ್ದಲ, ಅಂಚಿಗೆ ಶಾಂತಿ, ಎಲ್ಲೆಡೆ ಅದೇ. ಮಳೆ ಆ ವಾರವೇ ನಿಂತಿತು.

ಮೌಲಾಲಿ ಲ್ಯಾಬಿಗೆ ಬಂದದ್ದು ಮುಂದಿನ ಬೇಸಿಗೆ ಮುಟ್ಟುವ ಹೊತ್ತಿಗೆ. ಹಾನಗಲ್ಲಿಗೆ ತಪಾಸಣೆಗೆ ಹೊರಟವನು ದಾರಿಯಲ್ಲಿ ಇಳಿದಿದ್ದ. ಆ ವರ್ಷ ಬಳ್ಳಿ ಇಳಿಸಲು ಆಳನ್ನೇ ಹಚ್ಚಬೇಕಾಯಿತು, ಕಟ್ಟು ಬಿಚ್ಚಿರಲಿಲ್ಲ. ಈಗ ಏಣಿ ಹತ್ತುತ್ತೇನೆ, ಸ್ವಲ್ಪ ಕುಂಟುತ್ತದೆ ಅಷ್ಟೇ ಎಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನೆಲದ ಮೇಲೆ ನಿಂತಿದ್ದ. ನಾನು ಅವನ ಮುಖವನ್ನು ನೋಡಲೇ ಇಲ್ಲ.

ಆ ಮಳೆಗಾಲವಿಡೀ ಆ ಒಂದು ಕಾಲಿಗಾಗಿ ಕೂಗಾಡಿದ್ದೆ, ನಿದ್ದೆಗೆಟ್ಟಿದ್ದೆ, ಅತ್ತಿದ್ದೆ. ಕಾಲನ್ನು ಮಾತ್ರ ನೋಡಿರಲಿಲ್ಲ. ನನಗೆ ಗೊತ್ತಿದ್ದದ್ದು ಅದರ ಕಾಳಿನಷ್ಟು ಚೂರು, ಗುಲಾಬಿ ಮತ್ತು ನೀಲಿ ಬಣ್ಣದಲ್ಲಿ.

“ಕಾಲ್ ತೋರಸು” ಎಂದೆ.

“ಛೇ, ನಿಮ್ಮ ಮುಂದ ಕಾಲ್ ಎತ್ತೂದೇನ್ರೀ ಬಾಯಾರ” ಎಂದು ಅವನು ಹಿಂದೆ ಸರಿದ.

ಸಿಟ್ಟು ಬಂತು. ಕುರ್ಚಿಯಿಂದ ಇಳಿದು ನೆಲದ ಮೇಲೆಯೇ ಕುಳಿತು, ಆ ಪಾದವನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಒಡೆದ ಹಿಮ್ಮಡಿ, ಬೆರಳ ಸಂದಿಯಲ್ಲಿ ತೋಟದ ಕೆಂಪು ಮಣ್ಣು, ಹೆಬ್ಬೆರಳಿನ ಹಿಂದೆ ಹೊಲಿಗೆಯ ಗೆರೆ. ಅವನು ಗೋಡೆ ಹಿಡಿದು, “ಬಿಡ್ರೀ ಬಾಯಾರ, ಕಾಲ್ ಮುಟ್ಟಬ್ಯಾಡ್ರಿ, ನನಗ ಪಾಪ ಹತ್ತತೈತಿ” ಎಂದು ಬೇಡಿಕೊಳ್ಳುತ್ತಿದ್ದ.

“ಸುಮ್ನ ನಿಂದ್ರಪಾ ಮಾರಾಯಾ, ಒಂದು ಗಳಿಗಿ” ಎಂದು ಗದರಿದೆ.

ನನ್ನ ಮೇಜಿಗೆ ಬರುವುದೆಲ್ಲ ತಣ್ಣಗಿರುತ್ತದೆ. ಆ ಪಾದ ಬೆಚ್ಚಗಿತ್ತು.